ಇನ್ನೂರಕ್ಕೆ ಎರಡು ಕಮ್ಮಿ

ಒಬ್ಬಳಿದ್ದಳಂತೆ; ಅವಳ ಹತ್ತಿರ ಎಂದೂ ಸುಳ್ಳು ಹೇಳದ ಒಂದು ಕೋಲಿತ್ತಂತೆ. ಆ ಕೋಲನ್ನು ಚೀಲದಲ್ಲಿಟ್ಟುಕೊಂಡು ಅವಳು ನಿಜ ಹೇಳುವ ಪೆಟ್ಟಿಗೆಯೊಂದನ್ನು ಹುಡುಕುತ್ತ ಏಳು ಅಂಗಡಿ ಅಲೆದಳಂತೆ. ಅಜ್ಜಿಯರಾಗಿದ್ದರೆ ಇಷ್ಟು ಹೇಳಿ, ಹೂಂಗುಟ್ಟುವ ಮಗುವಿಗೆ ಎಚ್ಚರವಿದೆಯೋ ಇಲ್ಲವೋ ಎಂದು ಒಮ್ಮೆ ಬಗ್ಗಿ ನೋಡಿ ಮುಂದಕ್ಕೆ ಹೋಗುತ್ತಿದ್ದರು. ಆದರೆ ಇದು ಅಂಥ ಹಳೆಯ ಕಾಲದ ಮಾತಲ್ಲ. ಹೋದ ವರ್ಷದ ಒಂದು ಮಂಗಳವಾರವಷ್ಟೇ ಅವಳು ಆರನೆಯ ಅಂಗಡಿಯ ಗಾಜಿನ ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ನಿಂತಿದ್ದಳು. ಕೋಲು ಎಂದರೆ ಒಂದು ಅಡಿ ಉದ್ದದ ಸ್ಟೀಲ್ ಸ್ಕೇಲು, ತೀರಿಹೋದ ಅಪ್ಪನದು. ಪೆಟ್ಟಿಗೆ ಎಂದರೆ ಲ್ಯಾಪ್‌ಟಾಪು.

ಒಳಗೆ ತಣ್ಣನೆಯ ಗಾಳಿ, ಸಾಲಾಗಿ ಬಾಯ್ದೆರೆದು ಕೂತ ಲ್ಯಾಪ್‌ಟಾಪುಗಳು. ಎಲ್ಲದರ ಪರದೆಯ ಮೇಲೂ ಒಂದೇ ಬೆಟ್ಟ, ಒಂದೇ ಸರೋವರ. ಇಲ್ಲಿಯವರೆಗಿನ ಐದು ಅಂಗಡಿಗಳಲ್ಲೂ ಇದೇ ಬೆಟ್ಟವಿತ್ತು. ಎಲ್ಲರೂ ಸೇರಿ ಮಾತಾಡಿಕೊಂಡಿರಬೇಕು ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಕೊರಳಿಗೆ ಪಟ್ಟಿ ಹಾಕಿಕೊಂಡ ಮಾರಾಟಗಾರ ಬಂದು ಯಾರಿಗೆ ಎಂದು ಕೇಳಿದ. ನನಗೆ ಎಂದಳು. ಮಗಳ ಓದಿಗಾ ಎಂದು ಮತ್ತೆ ಕೇಳಿದ, ಅವಳು ಹೇಳಿದ್ದು ಕಿವಿಗೆ ಬಿದ್ದೇ ಇಲ್ಲವೆಂಬಂತೆ. ಕ್ಯಾಡ್ ಕಲಿಯುವುದಕ್ಕೆ, ಕಂಪ್ಯೂಟರಿನಲ್ಲಿ ಅಳತೆಯಿಟ್ಟು ವಸ್ತುಗಳ ನಕ್ಷೆ ಬಿಡಿಸುವುದಕ್ಕೆ, ಸುಮ್ಮನೆ ಹವ್ಯಾಸಕ್ಕೆ ಎಂದಾಗ ಅವನ ಹುಬ್ಬು ಮೇಲೇರಿ ಅಲ್ಲೇ ಉಳಿಯಿತು. ನಲವತ್ತೆಂಟು ವರ್ಷದ ಹೆಂಗಸು ಹವ್ಯಾಸ ಎಂದರೆ ಕಸೂತಿ ಇರಬೇಕು, ಹೂವಿನ ಕುಂಡ ಇರಬೇಕು. ಅವನು ರ‍್ಯಾಮ್ ಎಂದ, ಗ್ರಾಫಿಕ್ಸ್ ಕಾರ್ಡ್ ಎಂದ, ಇದು ತೆಳ್ಳಗಿದೆ ನೋಡಿ ಎಂದು ಒಂದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದ. ಸಂತೆಯಲ್ಲಿ ಕೋಳಿ ಎತ್ತಿ ತೋರಿಸುವವರೂ ಹೀಗೆಯೇ ಎತ್ತುತ್ತಾರೆ, ತೂಕ ಕೈಗೆ ತಿಳಿಯಬಾರದೆಂದು. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಚೀಲದಿಂದ ಪೆನ್‌ಡ್ರೈವ್ ತೆಗೆದು, ಇದರಲ್ಲಿ ಒಂದೇ ಒಂದು ಗೆರೆ ಇದೆ, ಇನ್ನೂರು ಮಿಲಿಮೀಟರಿನದು, ಅದನ್ನು ನಿಮ್ಮ ಈ ಲ್ಯಾಪ್‌ಟಾಪಿನಿಂದ ಇದ್ದಷ್ಟೇ ಅಳತೆಗೆ ಪ್ರಿಂಟ್ ಹಾಕಿಕೊಡಿ ಎಂದಳು.

ಇದು ಅವಳೇ ಕಂಡುಕೊಂಡ ಪರೀಕ್ಷೆ. ಅವಳ ಕೆಲಸ ಗ್ರಂಥಾಲಯದಲ್ಲಿ. ಹಿಂದಿರುಗಿ ಬಂದ ಪುಸ್ತಕಗಳ ಪುಟ ಎಣಿಸುವುದು, ಯಾರು ಯಾವ ಚಿತ್ರ ಹರಿದುಕೊಂಡರು, ಯಾರು ಎಲ್ಲಿ ಎಣ್ಣೆ ಬೆರಳು ಒತ್ತಿದರು ಎಂದು ಬರೆದಿಡುವುದು. ಇಪ್ಪತ್ತೆರಡು ವರ್ಷ ಆ ಮೇಜಿನ ಹಿಂದೆ ಕೂತು ಅವಳು ಕಲಿತದ್ದು ಒಂದೇ: ಪುಟ ಹರಿದವನೇ ಹೆಚ್ಚು ನಗುತ್ತ ಪುಸ್ತಕ ಕೊಡುತ್ತಾನೆ. ಅಲ್ಲಿಯ ಹಳೇ ಕಂಪ್ಯೂಟರಿನಲ್ಲಿ ಬಿಡುವಿದ್ದಾಗ ನಕ್ಷೆಯ ಉಚಿತ ತಂತ್ರಾಂಶವೊಂದನ್ನು ಹಾಕಿಕೊಂಡು ಮೊದಲ ಗೆರೆ ಎಳೆದದ್ದು, ಅದನ್ನು ಪ್ರಿಂಟ್ ಹಾಕಿ ಅಪ್ಪನ ಸ್ಕೇಲಿಟ್ಟು ನೋಡಿದ್ದು. ಇನ್ನೂರು ಇರಬೇಕಾದ ಕಡೆ ನೂರಾ ತೊಂಬತ್ತೆಂಟು. ಎರಡು ಮಿಲಿಮೀಟರ್ ಎಲ್ಲಿ ಹೋಯಿತು? ಹಳೇ ಯಂತ್ರ, ಸವೆದಿದೆ ಎಂದುಕೊಂಡಳು, ಯಂತ್ರಗಳು ಸವೆಯುತ್ತವಲ್ಲ. ಹೊಸದು ಕೊಳ್ಳಬೇಕು, ಅಳತೆ ಸರಿಯಿರುವುದನ್ನೇ ನೋಡಿ ಕೊಳ್ಳಬೇಕು ಎಂದು ಅವತ್ತೇ ತೀರ್ಮಾನಿಸಿದಳು. ಆದರೆ ಮೊದಲನೆಯ ಅಂಗಡಿಯ ಹೊಚ್ಚಹೊಸದೂ ನೂರಾ ತೊಂಬತ್ತೆಂಟನ್ನೇ ಕೊಟ್ಟಿತು. ಅಲ್ಲಿಯವನು ಪ್ರಿಂಟರ್ ಸರಿಯಿಲ್ಲ ಎಂದ. ಎರಡನೆಯವನು ಕಾಗದದ ದೋಷ ಎಂದ. ಮೂರನೆಯವನು ಸೆಟ್ಟಿಂಗು ಎಂದು ಗೊಣಗಿ ಬೇರೆ ಗಿರಾಕಿಯ ಕಡೆ ಹೋದ. ನಾಲ್ಕನೆಯವನು ಎರಡು ಮಿಲಿಮೀಟರಿಗೆ ಯಾರು ಮೇಡಂ ತಲೆ ಕೆಡಿಸಿಕೊಳ್ಳುತ್ತಾರೆ ಎಂದು ನಕ್ಕ; ಐದನೆಯವನು ನಗಲೂ ಇಲ್ಲ. ನಿಜ ಒಂದೇ ಇದ್ದಿದ್ದರೆ ಐವರೂ ಒಂದೇ ಮಾತು ಹೇಳುತ್ತಿದ್ದರು. ಈಗ ಆರನೆಯವನು ಕಾಗದವನ್ನು ತಂದುಕೊಟ್ಟ. ಅವಳು ಮೇಜಿನ ಅಂಚಿಗೆ ಬಗ್ಗಿ, ಕನ್ನಡಕ ಹಣೆಗೇರಿಸಿ, ಸ್ಕೇಲಿಟ್ಟಳು. ನೂರಾ ತೊಂಬತ್ತೆಂಟು. ಬೆನ್ನ ಹಿಂದೆ ಯಾರೋ ಇನ್ನಾರಿಗೋ ಏನೋ ಪಿಸುಗುಟ್ಟಿದರು. ಅವಳು ಕಾಗದವನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಅಲ್ಲಿ ಈಗಾಗಲೇ ಐದು ಕಾಗದಗಳಿದ್ದವು, ಸಾಕ್ಷಿಗೆ.

ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದ ಗಂಡ ಅಂಗಾತ ಮಲಗಿ ಛಾವಣಿಯ ಫ್ಯಾನು ನೋಡುತ್ತಿದ್ದ. ಏನಾಯಿತು ಪತ್ತೇದಾರಿಣಿ, ಕಳ್ಳ ಸಿಕ್ಕನೋ ಎಂದ. ಅವನ ಜೊತೆ ಕೆಲಸ ಮಾಡುವವನ ಭಾವಮೈದ ಒಂದು ಲ್ಯಾಪ್‌ಟಾಪನ್ನು ಅರ್ಧ ಬೆಲೆಗೆ ಕೊಡುತ್ತೇನೆಂದು ಎರಡು ವಾರದಿಂದ ಹೇಳುತ್ತಿದ್ದ. ಅದನ್ನೂ ನೋಡಿ ಬಂದಿದ್ದಳು. 'ಎ' ಅಕ್ಷರದ ಕೀಲಿಯ ಮೇಲಿನ ಬಣ್ಣವೆಲ್ಲ ಹೋಗಿತ್ತು. ಯಾರೋ ಅಷ್ಟೊಂದು ಸಲ 'ಎ' ಒತ್ತಿದ್ದರೆ ಅವರು ಏನು ಬರೆಯುತ್ತಿದ್ದಿರಬಹುದು ಎಂದು ಯೋಚಿಸಿ ಅದನ್ನು ಬೇಡವೆಂದಿದ್ದಳು. ಫೋನ್ ತೆರೆದರೆ ಅದರೊಳಗೂ ಲ್ಯಾಪ್‌ಟಾಪುಗಳೇ ಬೆನ್ನು ಹತ್ತುತ್ತಿದ್ದವು. ಕೊಂಡವರ ಹೊಗಳಿಕೆ ಓದಿದರೆ, ಹತ್ತು ಜನರಲ್ಲಿ ನಾಲ್ವರು 'ನನ್ನ ಮಗನಿಗೆ ತುಂಬಾ ಇಷ್ಟವಾಯಿತು' ಎಂದೇ ಬರೆದಿದ್ದರು. ನಾಲ್ವರಿಗೂ ಒಬ್ಬನೇ ಮಗನಿರಬೇಕು. "ಯಾವುದೋ ಒಂದು ತಗೊಳ್ಳೇ," ಎಂದ ಗಂಡ, ಕಣ್ಣು ಮುಚ್ಚಿಕೊಂಡೇ. "ಹವ್ಯಾಸ ಅಂತೀಯ. ಹವ್ಯಾಸಕ್ಕೆ ಯಾರಾದರೂ ಹೀಗೆ ಬಡವಾಗ್ತಾರಾ?" ಆ ಮಾತು ಎಲ್ಲೋ ತಾಗಿತು. ಅವನಿಗೆ ಗೊತ್ತಿದೆಯೇ? ಬಟ್ಟೆಯ ಕಪಾಟಿನಲ್ಲಿ, ಚಳಿಗಾಲದ ಹೊದಿಕೆಗಳ ಹಿಂದೆ, ಹಳೇ ಟವೆಲಿನಲ್ಲಿ ಸುತ್ತಿಟ್ಟ ಅರ್ಧ ಆಮೆಯನ್ನು ಅವನು ನೋಡಿದ್ದಾನೆಯೇ? ನೋಡಿಯೂ ಸುಮ್ಮನಿದ್ದರೆ ಅದು ಒಳ್ಳೆಯತನವೋ, ಕಾದು ಕುಳಿತ ಬೆಕ್ಕಿನ ಮೌನವೋ?

ಆಮೆ ಮರದ್ದು. ಮೂಗಿನಿಂದ ಬಾಲದವರೆಗೆ ಬೆನ್ನಿನ ನಡುಗೆರೆಯಲ್ಲಿ ಸೀಳಿದಂತೆ ಎಡಭಾಗ ಮಾತ್ರ ಇದೆ. ಸೀಳಿದ ಮುಖ ಕನ್ನಡಿಯಷ್ಟು ಚಪ್ಪಟೆ, ಅದರಿಂದ ಎರಡು ಗಿಡ್ಡ ಗೂಟಗಳು ಹೊರಚಾಚಿವೆ, ಯಾವುದೋ ರಂಧ್ರಗಳಿಗೆ ಕಾದುಕೊಂಡು. ಅಪ್ಪನ ಕೆಲಸವೇ ಅದು. ಎರಕದ ಕಾರ್ಖಾನೆಯಲ್ಲಿ ಮರದ ಪ್ಯಾಟರ್ನ್ ಮಾಡುವುದು: ಕಬ್ಬಿಣದಲ್ಲಿ ಏನು ಬೇಕೋ ಅದನ್ನು ಮೊದಲು ಮರದಲ್ಲಿ ಕೊರೆದು ಕೊಡಬೇಕು, ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಉಳಿಯುವ ಟೊಳ್ಳಿಗೆ ಕಾದ ಕಬ್ಬಿಣ ಹೊಯ್ಯುತ್ತಾರೆ. ಪ್ಯಾಟರ್ನು ಎರಡು ಅರ್ಧವಾಗಿರುತ್ತದೆ, ಇಲ್ಲದಿದ್ದರೆ ಮರಳಿನಿಂದ ಎತ್ತಲಾಗುವುದಿಲ್ಲ. ಅಪ್ಪನ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು: ಒಂದರ್ಧ ಒಬ್ಬ, ಇನ್ನರ್ಧ ಪಕ್ಕದ ಬೆಂಚಿನವ. ಮಾಡುವಾಗ ಒಬ್ಬರದನ್ನೊಬ್ಬರು ನೋಡುವಂತಿಲ್ಲ, ನಕ್ಷೆಯನ್ನಷ್ಟೇ ನೋಡಬೇಕು. ಮುಗಿದ ಮೇಲೆ ಎರಡನ್ನೂ ಕೂಡಿಸಿ, ಕಣ್ಣು ಮುಚ್ಚಿ, ಹೆಬ್ಬೆರಳಿನ ಉಗುರನ್ನು ಅವು ಕೂಡಿದ ಗೆರೆಯ ಮೇಲೆ ಸುತ್ತಲೂ ಎಳೆಯಬೇಕು. ಉಗುರು ಎಡವಬಾರದು. ಅಪ್ಪನ ಪಕ್ಕದ ಬೆಂಚಿನವರನ್ನು ಅವಳು ಬೆಂಚಿನ ಮಾಮ ಎನ್ನುತ್ತಿದ್ದಳು. ವಾರದ ರಜೆಗೆ ಮನೆಗೆ ಬರುತ್ತಿದ್ದರು. ಅವಳ ಹೋಂವರ್ಕ್ ಪುಸ್ತಕದ ಗೆರೆಗಳನ್ನು ನೋಡಿ, ಇವಳು ನಕ್ಷೆಯವಳೇ ಆಗ್ತಾಳೆ ನೋಡ್ತಿರು ಎಂದು ಅಪ್ಪನಿಗೆ ಹೇಳುತ್ತಿದ್ದರು. ಇವಳ ಮೇಜಿನ ಕಾಗದ ಹಾರದ ಹಾಗೆ ಇಡಲಿಕ್ಕೆ ಕಬ್ಬಿಣದ ಒಂದು ಆಮೆ ಎರೆದುಕೊಡೋಣ ಎಂದವರೂ ಅವರೇ. ಎಡ ಅಪ್ಪನದು, ಬಲ ಮಾಮನದು. ಬಲ ಆಗಲೇ ಇಲ್ಲ. ನಾಲ್ಕು ವರ್ಷದ ಹಿಂದೆ, ಆಸ್ಪತ್ರೆಯ ಮಂಚದ ಮೇಲೆ, ಬೇರೆ ಯಾವುದರ ಬಗ್ಗೆಯೂ ಮಾತಾಡದ ಅಪ್ಪ ಒಂದು ಮಧ್ಯಾಹ್ನ, "ಆಮೆ ಅರ್ಧ ಉಳೀತಲ್ಲ," ಎಂದರು. ನಾನು ಮುಗಿಸ್ತೀನಪ್ಪ, ನಾನೇ ಮಾಡ್ತೀನಿ ಎಂದಳು. ಅಪ್ಪ ಅವಳನ್ನು ನೋಡಿದರು. ಆ ನೋಟವನ್ನು ಅವಳು ಇವತ್ತಿಗೂ ಗ್ರಂಥಾಲಯದ ಪುಸ್ತಕದ ಹಾಗೆ ಪುಟ ಎಣಿಸುತ್ತಲೇ ಇದ್ದಾಳೆ. ಎಷ್ಟು ಸಲ ಎಣಿಸಿದರೂ ಒಂದು ಪುಟ ಕಡಿಮೆ ಬರುತ್ತದೆ.

ಬಲ ಯಾಕೆ ಆಗಲಿಲ್ಲ ಎಂದು ಗೊತ್ತಿದ್ದವಳು ಅವಳೊಬ್ಬಳೇ. ಆಗ ಅವಳಿಗೆ ಹದಿಮೂರು ವರ್ಷ. ನಾಳೆ ಡ್ರಾಯಿಂಗ್ ಪರೀಕ್ಷೆ, ಅವಳ ಮರದ ಸ್ಕೇಲಿನ ಅಂಚು ಹಲ್ಲುಹಲ್ಲು. ಅಪ್ಪ ದಿನವೂ ಕಾರ್ಖಾನೆಗೆ ಒಯ್ದು ತರುತ್ತಿದ್ದ ಪೆಟ್ಟಿಗೆಯಲ್ಲಿ ಎಣ್ಣೆಬಟ್ಟೆಯ ಮೇಲೆ ಮಲಗಿದ್ದ ಆ ಸ್ಟೀಲ್ ಸ್ಕೇಲು. ಅದನ್ನು ಮುಟ್ಟಬೇಡ, ಅದು ಮನೆ ಕೆಲಸಕ್ಕಲ್ಲ ಎಂದು ಅಪ್ಪ ಹೇಳಿದ್ದರು. ಅಷ್ಟು ಒಳ್ಳೆಯದು, ಆದ್ದರಿಂದ ಕೊಡುವುದಿಲ್ಲ ಎಂದೇ ಅವಳಿಗೆ ಅರ್ಥವಾಗಿತ್ತು. ತೆಗೆದುಕೊಂಡಳು. ಪರೀಕ್ಷೆಯಲ್ಲಿ ಕೂದಲಿನಷ್ಟು ತೆಳ್ಳಗೆ, ಉಸಿರು ಹಿಡಿದು ಎಳೆದಳು. ವಾರದ ನಂತರ ಡ್ರಾಯಿಂಗ್ ಮೇಷ್ಟ್ರು ಅವಳ ಹಾಳೆಯನ್ನು ತರಗತಿಯ ಮುಂದೆ ಎತ್ತಿ ಹಿಡಿದರು. ಒಂದು ಗೆರೆಯೂ ಸರಿಯಿಲ್ಲ, ಎಲ್ಲವೂ ಉದ್ದ ಎಂದರು. ಕೆಂಪಿನಲ್ಲಿ 'ಅಸಡ್ಡೆ' ಎಂದು ಬರೆದಿದ್ದರು, ಅಡಿಯಲ್ಲಿ ಎರಡು ಗೆರೆ, ಆ ಎರಡು ಗೆರೆಯೂ ಸೊಟ್ಟ. ಮಕ್ಕಳು ನಕ್ಕರು. ಮೇಷ್ಟ್ರಿಗೆ ನನ್ನ ಮೇಲೆ ಹಗೆ, ಕಾರ್ಖಾನೆಯವನ ಮಗಳೆಂದು ಹಗೆ: ಅವಳಿಗೆ ಅದರಲ್ಲಿ ಸಂಶಯವಿರಲಿಲ್ಲ, ಅಪ್ಪನ ಸ್ಕೇಲು ತಪ್ಪಾಗುವುದುಂಟೇ. ಅವತ್ತಿನಿಂದ ಅವಳು ನಕ್ಷೆ ಬಿಟ್ಟಳು, ಜನರನ್ನು ಅನುಮಾನಿಸುವುದನ್ನು ಹಿಡಿದಳು. ಆದರೆ ಪರೀಕ್ಷೆಯ ದಿನವೇ ಇನ್ನೊಂದಾಗಿತ್ತು. ಬೆಂಚಿನಲ್ಲಿ ಸ್ಕೇಲು ಕಾಣದೆ ಅಪ್ಪ ಇಡೀ ಶೆಡ್ಡಿನ ಎದುರು ಬೆಂಚಿನ ಮಾಮನಿಗೆ, ನನ್ನ ಪೆಟ್ಟಿಗೆಗೆ ಕೈ ಹಾಕುವವನು ನೀನೊಬ್ಬನೇ ಎಂದುಬಿಟ್ಟಿದ್ದರು. ಅದನ್ನು ಅಪ್ಪ ಅಮ್ಮನಿಗೆ ಹೇಳುತ್ತಿದ್ದುದು ಅವಳಿಗೆ ಬಾಗಿಲ ಸಂದಿನಲ್ಲಿ ಕೇಳಿಸಿತು. ನಾನು ಎನ್ನುವ ಬದಲು ಸ್ಕೇಲನ್ನು ಎಣ್ಣೆಬಟ್ಟೆಯ ಅಡಿಗೆ ಸರಿಸಿಟ್ಟಳು. ಮರುದಿನ ಬೆಂಚಿನಲ್ಲಿ ಅದು ಸಿಕ್ಕಿದಾಗ, ಹೆದರಿ ವಾಪಸ್ ಇಟ್ಟಿದ್ದಾನೆ ಎಂದರು ಅಪ್ಪ. ಮಾಮ ಬೇರೆ ಶೆಡ್ಡಿಗೆ ಬದಲಿ ಕೇಳಿಕೊಂಡರು. ರಜೆಯ ದಿನಗಳಲ್ಲಿ ಮನೆಯ ಕುರ್ಚಿಯೊಂದು ಖಾಲಿಯಾಯಿತು.

ಏಳನೆಯ ಅಂಗಡಿ ಚಿಕ್ಕದು, ಎರಡು ಔಷಧಿ ಅಂಗಡಿಗಳ ನಡುವೆ ಸಿಕ್ಕಿಕೊಂಡದ್ದು. ಕೂತಿದ್ದವಳು ಒಬ್ಬ ಹುಡುಗಿ. ಗಿರಾಕಿ ಬಂದರೂ ಏಳಲಿಲ್ಲ, ತಿನ್ನುತ್ತಿದ್ದ ಬಿಸ್ಕತ್ತನ್ನು ಪೂರ್ತಿ ತಿಂದಳು. ನೋಡುತ್ತ ನಿಂತವಳಿಗೆ ಅದು ಸ್ವಲ್ಪ ಹಿಡಿಸಿತು. ಹಿಡಿಸಿದ್ದಕ್ಕೇ ಅನುಮಾನವೂ ಬಂತು. ಯಾವ ತಂತ್ರಾಂಶ, ಎಂಥ ವಸ್ತು, ದಿನಕ್ಕೆ ಎಷ್ಟು ಹೊತ್ತು, ಎತ್ತಿಕೊಂಡು ತಿರುಗುತ್ತೀರಾ, ಕೂತಲ್ಲೇ ಮಾಡುತ್ತೀರಾ ಎಂದು ಹುಡುಗಿ ಒಂದೊಂದಾಗಿ ಕೇಳಿದಳು. ಮಗಳಿಗಾ ಎಂದು ಕೇಳಲಿಲ್ಲ. ಗೋಡೆಯ ಬದಿಯಿಂದ ಕಪ್ಪಗಿನ, ಇಟ್ಟಿಗೆಯಂಥ, ಯಾರೂ ತಿರುಗಿ ನೋಡದ ಒಂದನ್ನು ತಂದಿಟ್ಟಳು. ಪರದೆ ದೊಡ್ಡದು, ಬಲಕ್ಕೆ ಅಂಕಿಗಳ ಕೀಲಿ ಬೇರೆಯೇ ಇವೆ, ರ‍್ಯಾಮ್ ಹದಿನಾರು, ಚಿತ್ರ ತಿರುಗಿಸುವುದಕ್ಕೆಂದೇ ಪ್ರತ್ಯೇಕ ಕಾರ್ಡು. "ತೆಳ್ಳಗಿರೋದು ನಿಮಗ್ಯಾಕೆ ಮೇಡಂ? ಸುಮ್ಮನೆ ಬಿಸಿ ಆಗುತ್ತೆ. ಇದಕ್ಕೆ ನಡುವೆ ಚಕ್ರ ಇರೋ ಒಂದು ಮೌಸ್ ತಗೊಳ್ಳಿ, ಅದಿಲ್ಲದೆ ಆಗಲ್ಲ." ಗಾಜಿನ ಕಪಾಟಿನಲ್ಲಿ ಥಳಥಳಿಸುವವು ಅಷ್ಟಿರುವಾಗ ಇದನ್ನು ಯಾಕೆ ತೋರಿಸುತ್ತಾಳೆ? ಮಾರಾಟವಾಗದೆ ಉಳಿದ ಸರಕೇ? ಅವಳು ಪೆನ್‌ಡ್ರೈವ್ ಚಾಚಿದಳು. ಹುಡುಗಿ ಪ್ರಿಂಟ್ ಹಾಕಿದಳು. ಅವಳು ಸ್ಕೇಲಿಟ್ಟಳು. ನೂರಾ ತೊಂಬತ್ತೆಂಟು.

ನೋಡು ಎಂಬಂತೆ ಕಾಗದವನ್ನು ಹುಡುಗಿಯ ಕಡೆ ತಿರುಗಿಸಿದಳು. ಪ್ರಿಂಟರೋ, ಕಾಗದವೋ, ಸೆಟ್ಟಿಂಗೋ, ಯಾವ ನೆಪ ಬರುತ್ತದೆಂದು ಕಾದಳು. ಹುಡುಗಿ ನೆಪ ಹೇಳಲಿಲ್ಲ. ಡ್ರಾಯರ್ ಎಳೆದು, ರಸೀದಿ ಪುಸ್ತಕದ ಅಡಿಯಿಂದ ಮಕ್ಕಳ ಹಳದಿ ಪ್ಲಾಸ್ಟಿಕ್ ಸ್ಕೇಲೊಂದನ್ನು ತೆಗೆದು ಅದೇ ಗೆರೆಯ ಮೇಲಿಟ್ಟಳು. ಇನ್ನೂರು, ಕೂದಲೂ ಹೆಚ್ಚುಕಡಿಮೆಯಿಲ್ಲ. ಆಮೇಲೆ ಎರಡೂ ಸ್ಕೇಲುಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಿಡಿದಳು. ಸೊನ್ನೆಯಲ್ಲಿ ಎರಡೂ ಜೊತೆಗಿದ್ದವು, ಐವತ್ತರಲ್ಲಿ ಅಪ್ಪನದು ಕೊಂಚ ಮುಂದೆ, ನೂರರಲ್ಲಿ ಪೂರ್ತಿ ಒಂದು ಗೆರೆ, ಇನ್ನೂರರಲ್ಲಿ ಎರಡು. "ಲ್ಯಾಪ್‌ಟಾಪ್ ಸರಿಯಾಗೇ ಇದೆ ಆಂಟಿ. ನಿಮ್ಮ ಸ್ಕೇಲೇ ತಪ್ಪು," ಎಂದಳು ಹುಡುಗಿ. ಕುಹಕವಿಲ್ಲದೆ, ಲೇಸು ಬಿಚ್ಚಿದೆ ನೋಡಿ ಎನ್ನುವಷ್ಟು ಸರಳವಾಗಿ. ಮೇಡಂ ಆಂಟಿಯಾದದ್ದನ್ನೂ ಅವಳು ಗಮನಿಸಿದಳು. ಅವಳ ಕೈ ತಾನಾಗಿ ಸ್ಕೇಲನ್ನು ಕಿತ್ತುಕೊಂಡಿತು. ಇದು ನಮ್ಮಪ್ಪನದು ಎಂದಳು, ಅದೇ ಒಂದು ಉತ್ತರವೆಂಬಂತೆ. ಬಾಗಿಲನ್ನು ಎಳೆಯಬೇಕಿತ್ತು, ತಳ್ಳಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು, ಒಳಗೊಂದು ಹಾವಿದ್ದಂತೆ. ಪ್ಲಾಸ್ಟಿಕ್ಕು ಬಿಸಿಲಿಗೆ ಕುಗ್ಗಿರಬಹುದು. ಮನೆಗೆ ಹೋಗಿ ಗಂಡನ ಅಳತೆ ಟೇಪು ತೆಗೆದಳು, ಹೊಲಿಗೆಯ ಟೇಪು ತೆಗೆದಳು, ಪಕ್ಕದ ಮನೆಯ ಶಾಲೆ ಹುಡುಗಿಯ ಜಾಮಿಟ್ರಿ ಪೆಟ್ಟಿಗೆ ಇಸಿದುಕೊಂಡು ಬಂದಳು. ಅಡುಗೆಮನೆಯ ಕಟ್ಟೆಯ ಮೇಲೆ ಎಲ್ಲವನ್ನೂ ಸಾಲಾಗಿ ಮಲಗಿಸಿದಳು. ಎಲ್ಲವೂ ಒಂದು ಕಡೆ, ಅಪ್ಪ ಒಂದು ಕಡೆ. ಜಗತ್ತೇ ಸೇರಿ ಒಬ್ಬ ಮನುಷ್ಯನನ್ನು ಸುಳ್ಳುಗಾರ ಎನ್ನುತ್ತಿರುವಾಗ ಮಗಳು ಎಲ್ಲಿ ನಿಲ್ಲಬೇಕು? ಕೂದಲಿನಷ್ಟೂ ತಪ್ಪು ಸಹಿಸದವರ ಪೆಟ್ಟಿಗೆಯಲ್ಲಿ ತಪ್ಪು ಸ್ಕೇಲು ಹೇಗೆ ಬಂತು? ಯಾರಿಗೆ ಮೋಸ ಮಾಡುವುದಕ್ಕೆ? ಅಥವಾ ಅವಳು ಕದ್ದು ಒಯ್ದ ದಿನ ನಿಜವಾದ ಸ್ಕೇಲನ್ನು ಯಾರೋ ಬದಲಿಸಿ, ಇಂಥದ್ದನ್ನು ಇಟ್ಟರೇ? ಹಾಗಾದರೆ ಅಪ್ಪ ಹೇಳಿದ್ದು ನಿಜ, ಬೆಂಚಿನ ಮಾಮ ಕಳ್ಳ, ಅವಳು ನಿರಪರಾಧಿ. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗಂಡ, ಲ್ಯಾಪ್‌ಟಾಪು ಬಿಟ್ಟು ಈಗ ಸ್ಕೇಲು ವ್ಯಾಪಾರವೋ ಎಂದ. ಆಮೇಲೆ ಅವಳ ಮುಖ ನೋಡಿ ಮೆಲ್ಲಗೆ, "ಆಮೆಗೇನೇ ಇದೆಲ್ಲ?" ಎಂದ. ಗೊತ್ತಿತ್ತು ಹಾಗಾದರೆ. ಅವಳು ತಲೆ ಎತ್ತಲಿಲ್ಲ. "ಈ ಸ್ಕೇಲಿನ ವಿಷಯ ಗೊತ್ತಿರೋರು ಇನ್ನು ಯಾರಿದ್ದಾರೆ?" ಎಂದು ಅವನೇ ಕೇಳಿದ. ಇದ್ದವರು ಒಬ್ಬರೇ, ಬೆಂಚಿನ ಮಾಮ. ಅವರ ವಿಳಾಸ ಗ್ರಂಥಾಲಯದ ಸದಸ್ಯರ ಪಟ್ಟಿಯಲ್ಲಿ ಹನ್ನೊಂದು ವರ್ಷದಿಂದ ಇತ್ತು. ಅವರು ಪುಸ್ತಕಕ್ಕೆ ಬಂದಾಗಲೆಲ್ಲ ಅವಳು ಒಳಗಿನ ಕೋಣೆಗೆ ಹೋಗುತ್ತಿದ್ದಳು. ಅವರು ತಂದ ಪುಸ್ತಕದಲ್ಲಿ ಎಂದೂ ಒಂದು ಪುಟ ಕಡಿಮೆ ಬಂದದ್ದಿಲ್ಲ.

ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು, ಸರಪಳಿ ಹಾಕಿಕೊಂಡೇ. ಸಂದಿನಲ್ಲಿ ಒಂದು ಕಣ್ಣು, ಬಿಳಿ ಗಡ್ಡದ ಅರ್ಧ. ಯಾರು ಬೇಕಿತ್ತು ಎಂದರು. ನಿಮ್ಮ ಪಕ್ಕದ ಬೆಂಚಿನವರ ಮಗಳು ಎಂದಳು. "ನನ್ನ ಪಕ್ಕ ಯಾವ ಬೆಂಚೂ ಇರಲಿಲ್ಲ," ಎಂದು ಅವರು ಬಾಗಿಲು ಮುಚ್ಚುವುದರಲ್ಲಿದ್ದರು. ಅವಳು ಸಂದಿನೊಳಕ್ಕೆ ಸ್ಕೇಲು ಚಾಚಿದಳು. ಒಳಗಿನಿಂದ ಒಂದು ಕೈ ಅದರ ತುದಿ ಹಿಡಿಯಿತು. ತುಸು ಹೊತ್ತು ಇಬ್ಬರೂ ಸ್ಕೇಲಿನ ಎರಡು ತುದಿ ಹಿಡಿದುಕೊಂಡು ನಿಂತಿದ್ದರು. ಆಮೇಲೆ ಸರಪಳಿ ಸರಿಯಿತು. ಕೋಣೆಯಲ್ಲಿ ಬುಡಮೇಲಾದ ಒಂದು ಕುರ್ಚಿ, ಗೋಂದಿನ ಡಬ್ಬಿ, ಮರದ ಸಿಪ್ಪೆಯ ವಾಸನೆ. ಅಪ್ಪನ ಅಂಗಿಯ ವಾಸನೆ. ಅವರು ಸ್ಕೇಲನ್ನು ಕಿಟಕಿಯ ಹತ್ತಿರ ಒಯ್ದು ಹೆಬ್ಬೆರಳಿನಿಂದ ಒಂದು ಮೂಲೆಯನ್ನು ಉಜ್ಜಿದರು. ಅಲ್ಲಿ ಒತ್ತಿದ್ದ ಅಕ್ಷರಗಳು ಸವೆದು ಹೋಗಿದ್ದವು. ಅಪ್ಪ ಹಿಡಿಯುತ್ತಿದ್ದ ಜಾಗ. ಇದು ತಪ್ಪು ಅಳತೆ ತೋರಿಸುತ್ತೆ ಮಾಮ ಎಂದಳು. ಮೂವತ್ತೈದು ವರ್ಷದ ಮೇಲೆ ಆ ಪದ ಬಾಯಿಗೆ ಬಂದದ್ದು ಅವಳಿಗೇ ತಿಳಿಯಲಿಲ್ಲ.

"ತಪ್ಪಾ?" ಅವರು ತಿರುಗಿದರು. "ನಿಮ್ಮಪ್ಪ ನಿಂಗೆ ಇದನ್ನೂ ಹೇಳಿಲ್ವಾ? ಇದು ಕುಗ್ಗಿನ ಸ್ಕೇಲು ಕಣಮ್ಮ. ಕಾದ ಕಬ್ಬಿಣ ತಣ್ಣಗಾಗ್ತಾ ಕುಗ್ಗುತ್ತೆ, ನೂರಕ್ಕೆ ಒಂದರಷ್ಟು. ಅಷ್ಟನ್ನ ಸೇರಿಸಿಕೊಂಡೇ ಮರ ಕೊರೀಬೇಕು. ಪ್ರತಿ ಸಲ ಲೆಕ್ಕ ಹಾಕ್ತಾ ಕೂತರೆ ಕೆಲಸ ಆಗುತ್ತಾ? ಅದಕ್ಕೆ ಸ್ಕೇಲನ್ನೇ ಅಷ್ಟು ಉದ್ದ ಮಾಡಿರ್ತಾರೆ. ನೂರು ಅಂತ ಬರೆದಿರೋ ಕಡೆ ನೂರಾ ಒಂದಿರುತ್ತೆ. ಬೇರೆ ಕೆಲಸಕ್ಕೆ ಇದನ್ನ ಮುಟ್ಟಬಾರದು. ಎರಕದವನ ಕೈಲಿ ಮಾತ್ರ ಇದು ಸರಿ."

ಅದು ಮನೆ ಕೆಲಸಕ್ಕಲ್ಲ. ಅವಳು ಗೋಡೆಗೆ ಒರಗಿದಳು. ಎಲ್ಲ ಗೆರೆಯೂ ಉದ್ದ ಎಂದಿದ್ದರು ಮೇಷ್ಟ್ರು, ಉದ್ದವೇ ಇದ್ದವು. ಹಗೆಯಿರಲಿಲ್ಲ, ಏನೂ ಇರಲಿಲ್ಲ. ಏಳು ಅಂಗಡಿಯವರು, ನಾಲ್ಕಾಗಿ ಮಡಚಿದ ಆರು ಕಾಗದ. ಆಮೇಲೆ, ಕೇಳದೆಯೇ, ಇನ್ನೊಂದು ಸಂಜೆ ಎದ್ದು ಬಂತು: ಕೆಂಪು ಶಾಯಿಯ ಆ ಹಾಳೆಗೆ ಅಪ್ಪನ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಅಪ್ಪ ದೀಪದ ಕೆಳಗೆ ಹಾಳೆಯನ್ನು ತುಂಬ ಹೊತ್ತು ನೋಡಿದ್ದರು. ಪೆಟ್ಟಿಗೆ ತೆರೆದು, ಈ ಸ್ಕೇಲನ್ನು ತೆಗೆದು, ಒಂದು ಗೆರೆಯ ಮೇಲಿಟ್ಟರು, ಇನ್ನೊಂದರ ಮೇಲಿಟ್ಟರು. ಏನೂ ಹೇಳದೆ ಸಹಿ ಹಾಕಿ ಕೊಟ್ಟರು. ಮಗಳ ಅಸಡ್ಡೆಗೆ ನಾಚಿ ಸುಮ್ಮನಾದರೆಂದು ಅವಳು ಇಷ್ಟು ವರ್ಷ ನಂಬಿದ್ದಳು. ಆದರೆ ಈ ಸ್ಕೇಲಿಟ್ಟರೆ ಆ ಗೆರೆಗಳೆಲ್ಲ ಸರಿಯಿದ್ದವು. ಇಡೀ ಶಾಲೆಯ ಹಾಳೆಗಳಲ್ಲಿ ಅವಳದೊಂದೇ ಸರಿಯಿತ್ತು. ಬೇರೆ ಯಾವ ಸ್ಕೇಲಿನಿಂದ ಎಳೆದಿದ್ದರೂ ಹಾಗಾಗುತ್ತಿರಲಿಲ್ಲ. ಅಪ್ಪನಿಗೆ ಆ ಸಂಜೆಯೇ ಗೊತ್ತಾಗಿತ್ತು.

ಹೇಳಿದಳು. ಹಲ್ಲುಹಲ್ಲಾದ ಮರದ ಸ್ಕೇಲಿನಿಂದ ಶುರುಮಾಡಿ, ಎಣ್ಣೆಬಟ್ಟೆ, ಬಾಗಿಲ ಸಂದು, ಕೆಂಪು ಶಾಯಿ, ಸಹಿ, ಆಸ್ಪತ್ರೆ, ಎಲ್ಲ ಹಿಂದುಮುಂದಾಗಿ. "ನಾನೇ ತಗೊಂಡಿದ್ದು ಮಾಮ. ನೀವಲ್ಲ ಅಂತ ಅಪ್ಪನಿಗೂ ಗೊತ್ತಿತ್ತು." ಅವರು ಬುಡಮೇಲಾದ ಕುರ್ಚಿಯ ಕಾಲೊಂದನ್ನು ಹಿಡಿದುಕೊಂಡು ಕೇಳಿದರು. ಗಡ್ಡದೊಳಗೆ ಏನೋ ಅಲುಗಿತು. ನಗುವೋ, ಬೇರೆಯದೋ ತಿಳಿಯಲಿಲ್ಲ. ಆಮೇಲೆ ಅವರೂ ಹೇಳಿದರು. ಆ ಜಗಳವಾಗಿ ಒಂದೆರಡು ವಾರಕ್ಕೆ ಅಪ್ಪ ಇದೇ ಬಾಗಿಲಿಗೆ ಬಂದಿದ್ದರಂತೆ. ಕಿಟಕಿಯಿಂದ ನೋಡಿದರಂತೆ ಇವರು. ಅಪ್ಪ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರಂತೆ. ಇನ್ನೇನು ಕಳೆದಿದೆ ಅಂತ ಕೇಳೋಕೆ ಬಂದಿದ್ದಾನೋ ಎಂದು ಇವರು ತೆಗೆಯಲಿಲ್ಲವಂತೆ. ಅರ್ಧ ಗಂಟೆ ನಿಂತು ಹೋದರಂತೆ. ನನ್ನನ್ನು ಓಡಿಸಲಿಕ್ಕೆಂದೇ ಸ್ಕೇಲನ್ನು ಅವನೇ ಬಚ್ಚಿಟ್ಟು ನಾಟಕವಾಡಿದ ಎಂದು ಇಲ್ಲಿಯವರೆಗೂ ಅಂದುಕೊಂಡಿದ್ದೆ ಎಂದರು. ಒಂದು ಬಾಗಿಲಿನ ಎರಡು ಬದಿಯಲ್ಲಿ ಎರಡು ಅರ್ಧಗಳು. ಮತ್ತೊಮ್ಮೆ ಬರಬಹುದಿತ್ತು ಅಪ್ಪ, ಬರಲಿಲ್ಲ. ಬಂದಿದ್ದರೆ ಮಗಳ ಹೆಸರು ಹೇಳಬೇಕಾಗುತ್ತಿತ್ತು.

"ಆಮೆ ಎಲ್ಲಿದೆ?" ಎಂದರು ಕೊನೆಗೆ.

"ಅರ್ಧ ಹಾಗೇ ಇದೆ. ಇನ್ನರ್ಧ ನೀವೇ..."

"ನಾನು ಮಾಡಿದರೆ ನೀನು ಕೊಟ್ಟ ಮಾತು ಏನಾಯ್ತು? ಅದೇನೋ ಕಂಪ್ಯೂಟರ್ ಅಂದೆಯಲ್ಲ, ಅದರಲ್ಲೇ ಮಾಡು. ಮುಗಿಸಿಕೊಂಡು ಬಾ. ಅಲ್ಲೀವರೆಗೆ ನನಗೂ ನಿನಗೂ ಮಾತಿಲ್ಲ." ಸ್ಕೇಲನ್ನು ಅವಳ ಕೈಗೆ ಕೊಟ್ಟರು. ಹೊರಟವಳ ಹಿಂದೆ ಬಾಗಿಲು ಮುಚ್ಚಿತು. ಅವಳು ಮೆಟ್ಟಿಲ ಮೇಲೆ ನಿಂತು ಕಾದು ಕೇಳಿದಳು. ಸರಪಳಿ ಹಾಕಿಕೊಂಡ ಸದ್ದು ಬರಲಿಲ್ಲ. ಮರೆತರೋ, ಬೇಕೆಂದೇ ಬಿಟ್ಟರೋ?

ಅವಳು ಮತ್ತೆ ಒಳಗೆ ಬಂದಾಗ ಏಳನೆಯ ಅಂಗಡಿಯ ಹುಡುಗಿ ಡ್ರಾಯರಿನಿಂದ ಹಳದಿ ಸ್ಕೇಲು ತೆಗೆದು ಮೇಜಿನ ಮೇಲಿಟ್ಟು ಕಾದಳು. ಬೇಡಮ್ಮ, ಅದೇ ಕರೀದನ್ನ ಕೊಡು ಎಂದಳು ಅವಳು. ನಡುವೆ ಚಕ್ರವಿರುವ ಮೌಸು ಕೂಡ. ಪೆಟ್ಟಿಗೆ ಕಟ್ಟುವಾಗ, ನಿಮ್ಮಪ್ಪನ ಸ್ಕೇಲು ಏನಾಯಿತು ಎಂದು ಹುಡುಗಿ ಕೇಳಿದಳು. ಅದೂ ಸರಿಯಾಗೇ ಇದೆ ಎಂದಳು. ಹುಡುಗಿ ಅವಳನ್ನು ಅನುಮಾನದಿಂದ ನೋಡಿದಳು.

ನಾಲ್ಕು ತಿಂಗಳು ಊಟದ ಮೇಜಿನ ಅರ್ಧ ಆ ಇಟ್ಟಿಗೆಯದಾಯಿತು. ಮೊದಮೊದಲು ಅವಳಿಗೆ ತಂತ್ರಾಂಶದ ಮೇಲೂ ಗುಮಾನಿಯೇ: ಗೆರೆಗಳು ತಾವಾಗಿ ಇನ್ನೊಂದು ಗೆರೆಯ ತುದಿಗೆ ಅಂಟಿಕೊಳ್ಳುತ್ತಿದ್ದವು, ಯಾರು ಹೇಳಿದರು ಅಂಟಿಕೊಳ್ಳಲು? ವೃತ್ತ ಎಳೆದರೆ ಮೊಟ್ಟೆಯಾಗುತ್ತಿತ್ತು. ಒಂದು ದಿನ ಮೂರು ಗಂಟೆಯ ಕೆಲಸ ಉಳಿಸದೆ ಮುಚ್ಚಿಬಿಟ್ಟಳು; ಗಂಡ ಕೇಬಲ್ಲಿಗೆ ಕಾಲು ತೊಡರಿಸಿದ್ದಾನೆಂದು ಎರಡು ಹೊತ್ತು ಮಾತು ಬಿಟ್ಟಳು, ಅವನು ಕಾರ್ಖಾನೆಯಲ್ಲಿದ್ದ ಎಂದು ನೆನಪಾಗುವವರೆಗೆ. ಆಮೆಯ ಅಳತೆಯನ್ನು ಮೊದಲು ಹೊಸದಾಗಿ ಕೊಂಡ ಸಾದಾ ಸ್ಕೇಲಿನಿಂದ ತೆಗೆದಳು. ಉದ್ದ ನೂರಾ ಇಪ್ಪತ್ತೊಂದು ಚಿಲ್ಲರೆ, ಎತ್ತರ ನಲವತ್ತು ದಾಟಿ ಸ್ವಲ್ಪ, ಒಂದು ಸಂಖ್ಯೆಯೂ ನೆಟ್ಟಗಿಲ್ಲ, ಎಲ್ಲಕ್ಕೂ ಬಾಲ. ಅಪ್ಪನ ಕೈ ನಡುಗುತ್ತಿತ್ತೇ ಎಂದು ಅನುಮಾನವಾಯಿತು. ಆಮೇಲೆ ಅಪ್ಪನ ಸ್ಕೇಲನ್ನೇ ಇಟ್ಟು ನೋಡಿದಳು. ನೂರಾ ಇಪ್ಪತ್ತು. ನಲವತ್ತು. ಕುತ್ತಿಗೆ ಹದಿನೈದು, ಕಾಲು ಇಪ್ಪತ್ತು, ಗೂಟದಿಂದ ಗೂಟಕ್ಕೆ ಅರವತ್ತು. ಒಂದೊಂದೂ ತುಂಬಿದ ಸಂಖ್ಯೆ. ಮೂವತ್ತೈದು ವರ್ಷ ಅವು ಮರದೊಳಗೆ ಹಾಗೆಯೇ ಕೂತಿದ್ದವು, ಸರಿಯಾದ ಸ್ಕೇಲು ಬಂದು ಕೇಳಲಿ ಎಂದು. ಅವಳು ಆ ಸಂಖ್ಯೆಗಳನ್ನೇ ಕೊಟ್ಟು ಆಮೆ ಬಿಡಿಸಿದಳು, ಎಡವನ್ನು ಬಲಕ್ಕೆ ಮಗುಚಿದಳು, ಗೂಟಗಳ ಜಾಗದಲ್ಲಿ ರಂಧ್ರ ಕೊರೆದಳು. ಕೊನೆಗೆ ಇಡೀ ಆಮೆಯನ್ನು ಹಿಗ್ಗಿಸುವ ಆಜ್ಞೆ ತೆರೆದು, ಖಾಲಿ ಚೌಕದಲ್ಲಿ ಒಂದು ಬಿಂದು ಸೊನ್ನೆ ಒಂದು ಎಂದು ಒತ್ತಿದಳು. ಪರದೆಯ ಮೇಲೆ ಆಮೆ ಉಸಿರೆಳೆದುಕೊಂಡಂತೆ ಕಂಡೂ ಕಾಣದಷ್ಟು ಉಬ್ಬಿತು. ಯಂತ್ರದಲ್ಲಿ ಮರ ಕೊರೆಯುವ ಅಂಗಡಿಯೊಂದಕ್ಕೆ ಪೆನ್‌ಡ್ರೈವ್ ಒಯ್ದಳು. ಮೊದಲ ಸಲ ರಂಧ್ರ ಕೂಡಲಿಲ್ಲ, ಎರಡನೆಯ ಸಲ ಬಾಲ ಮುರಿಯಿತು, ಮೂರನೆಯದನ್ನು ಅಪ್ಪನ ಅರ್ಧದ ಜೊತೆ ಅದೇ ಹಳೇ ಟವೆಲಿನಲ್ಲಿ ಸುತ್ತಿಕೊಂಡು ಹೊರಟಳು.

ಈ ಸಲ ಬಾಗಿಲು ಪೂರ್ತಿ ತೆರೆಯಿತು. ಮಾತಿಲ್ಲ. ಕುರ್ಚಿ ಈಗ ಕಾಲ ಮೇಲೆ ನಿಂತಿತ್ತು. ಅದರ ಮೇಲೆ ಕೂರು ಎಂದು ಕೈ ತೋರಿಸಿದರು. ಎರಡು ಅರ್ಧಗಳನ್ನೂ ಬೆಳಕಿಗೆ ಹಿಡಿದು ನೋಡಿದರು: ಒಂದು ವಯಸ್ಸಿಗೆ ಕಪ್ಪಾದ ಮರ, ಒಂದು ಹಾಲಿನಂಥ ಹೊಸ ಮರ. ಗೂಟಗಳನ್ನು ರಂಧ್ರಕ್ಕೆ ಹೊಂದಿಸಿ ಅಂಗೈಯಿಂದ ಒತ್ತಿದರು. ಟಕ್ ಎಂದು ಒಂದು ಸಣ್ಣ ಸದ್ದು. ಅವರು ಕಣ್ಣು ಮುಚ್ಚಿದರು. ಹೆಬ್ಬೆರಳಿನ ಉಗುರನ್ನು ಮೂಗಿನ ಮೇಲಿಟ್ಟು ನಿಧಾನ ಎಳೆದರು. ತಲೆ ದಾಟಿತು, ಕುತ್ತಿಗೆ ಇಳಿದು ಚಿಪ್ಪಿನ ಬೆನ್ನೇರಿತು, ಇಳಿಯಿತು. ಬಾಲದ ಹತ್ತಿರ ನಿಂತಿತು. ಬೇಕೆಂದೇ ನಿಲ್ಲಿಸಿದರೇ ಎಂಬ ಯೋಚನೆ ಅಭ್ಯಾಸದಿಂದ ತಲೆಯೆತ್ತಿತು. ಅವರು ಕಣ್ಣು ತೆರೆಯದೆ, ಪಕ್ಕದ ಡಬ್ಬಿಯಿಂದ ಸವೆದ ಮರಳುಕಾಗದದ ತುಂಡೊಂದನ್ನು ತಡವಿ ತೆಗೆದು ಅವಳ ಕಡೆ ಚಾಚಿದರು. ಅವಳು ಕೆಳಗೆ ಕೂತು ಉಜ್ಜಿದಳು. ಬಿಳಿ ಪುಡಿ ಮೊಣಕಾಲಿನ ಮೇಲೆ ಉದುರಿತು. ಊದಿ, ವಾಪಸ್ ಅವರ ಕೈಗಿಟ್ಟಳು.

ಉಗುರು ಮತ್ತೆ ಮೂಗಿನಿಂದ ಹೊರಟಿತು. ತಲೆ, ಕುತ್ತಿಗೆ, ಬೆನ್ನು, ಬಾಲ. ಅಡಿಗೆ ತಿರುಗಿ ಹೊಟ್ಟೆಯ ಉದ್ದಕ್ಕೂ ಬಂದು, ಗಂಟಲು ಹತ್ತಿ, ಹೊರಟಲ್ಲಿಗೆ ಬಂದು ಸೇರಿತು. ಎಲ್ಲಿಯೂ ಎಡವಲಿಲ್ಲ.